ಬೆಕ್ಕು ಬಾಯಿ ಹಾಕಿದ ಹಾಲಿನ ವಿಷಯಕ್ಕೆ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಬೆಳಗ್ಗೆಯಿಂದ ನನ್ನ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಜನ ಜಾಸ್ತಿ, ಫೋನ್ ಮುಟ್ಟುವುದಕ್ಕೂ ಆಗಲಿಲ್ಲ. ಅಷ್ಟರಲ್ಲಿ ಗ್ರೂಪಿನಲ್ಲಿ ಇಷ್ಟೊಂದು ಮಾತಾಗಿದೆ. ನನಗೆ ತಿಳಿದ ಮಟ್ಟಿಗೆ ನಡೆದದ್ದು ಇಷ್ಟು, ಅಲ್ವಾ? ಬೆಳಗ್ಗೆ ಕಾಯಿಸಿದ ಹಾಲನ್ನು ಆರಲಿ ಅಂತ ಅಡುಗೆಕಟ್ಟೆ ಮೇಲೆ ಇಟ್ಟು ಅಕ್ಕ ದೇವಸ್ಥಾನಕ್ಕೆ ಹೋದಳು. ಮುಚ್ಚಳ ಹಾಕಿರಲಿಲ್ಲ. ನಮ್ಮ ಬೆಕ್ಕು ಬೆಳ್ಳಿ ಕಟ್ಟೆ ಹತ್ತಿ ಬಾಯಿ ಹಾಕಿತು. ಮಧ್ಯಾಹ್ನ ನೋಡಿದಾಗ ಅಮ್ಮ "ಇನ್ನೊಂದು ಸಲ ಉಕ್ಕಿಸಿ ಕಾಫಿಗೆ ಹಾಕಿ" ಎಂದರು. ಅಮ್ಮ, ಅಕ್ಕ ಕಾಫಿ ಕುಡಿದರು. ನೀನು ಬಸುರಿ, ಹೆದರಿ ಕುಡಿಯಲಿಲ್ಲ. ತಮ್ಮ, ಆ ಹಾಲಿನಿಂದ ರೇಬೀಸ್ (ಹುಚ್ಚುನಾಯಿ ರೋಗ) ಬರುತ್ತದೆ ಅನ್ನುವ ಫಾರ್ವರ್ಡ್ ಹಾಕಿದ. ಅಣ್ಣ, ನೀನು ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ಮಾರ್ಕೆಟ್ ಹತ್ತಿರ ಬಿಟ್ಟು ಬನ್ನಿ ಎಂದೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಉಳಿದ ಹಾಲು ಚೆಲ್ಲಿ. ಕಾಫಿ ಕುಡಿದವರು ಸೂಜಿ ಹಾಕಿಸಿಕೊಳ್ಳುವುದು ಬೇಡ. ಬೆಳ್ಳಿ ಮನೆಯಲ್ಲೇ ಇರಬೇಕು. ಯಾಕೆ ಅಂತ ಈಗ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ಅಮ್ಮ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಚೆನ್ನಾಗಿ ಕುದಿಸಿದರೆ ಬೆಕ್ಕಿನ ಬಾಯಿಂದ ಬಂದ ಬ್ಯಾಕ್ಟೀರಿಯಾ ಸಾಯುತ್ತವೆ. ಪಾಶ್ಚುರೆಲ್ಲಾ ಅಂತ ಒಂದಿದೆ, ಹೆಚ್ಚುಕಡಿಮೆ ಎಲ್ಲ ಬೆಕ್ಕುಗಳ ಬಾಯಲ್ಲೂ ಇರುತ್ತದೆ. ಅದು ತೊಂದರೆ ಕೊಡುವುದು ಕಚ್ಚಿದಾಗ, ಪರಚಿದಾಗ. ಕುದಿಯುವ ಹಾಲಿನಲ್ಲಿ ಅದು ಉಳಿಯುವುದಿಲ್ಲ. ಕಣ್ಣೆದುರೇ ಬೆಕ್ಕು ಮೂತಿ ಇಟ್ಟು, ಆ ಕ್ಷಣವೇ ಓಡಿಸಿ, ಕೂಡಲೇ ಉಕ್ಕಿಸಿದ್ದರೆ, ಗಟ್ಟಿಮುಟ್ಟಾದ ದೊಡ್ಡವರು ಕುಡಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಆದರೆ ಇಲ್ಲಿ ಹಾಗಾಗಲಿಲ್ಲ. ಪುಟ್ಟಿ ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಕೆನೆ ಹರಿದು ಒಂದು ಪಕ್ಕಕ್ಕೆ ಸರಿದಿದೆ. ಪಾತ್ರೆಯ ಅಂಚಿಗೆ ಎರಡು ಬಿಳಿ ಕೂದಲು ಅಂಟಿಕೊಂಡಿವೆ. ಬೆಕ್ಕು ಬರೀ ಹಾಲು ಕುಡಿಯುವಾಗ ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಹಾಲಿನ ಮೇಲೆ ಸುಮ್ನೆ ತಾಗಿಸಿ ಎತ್ತುತ್ತದೆ. ನಾಲಿಗೆ ಜೊತೆ ಹಾಲಿನ ಒಂದು ಸಣ್ಣ ಎಳೆ ಮೇಲೇಳುತ್ತದೆ, ಅದು ಕೆಳಗೆ ಬೀಳುವ ಮೊದಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು 4 ಸಲ. ಎಷ್ಟು ಚೊಕ್ಕ ಅಂದರೆ ಗಡ್ಡ ಕೂಡ ನೆನೆಯುವುದಿಲ್ಲ. ನಾಯಿ ಹಾಗಲ್ಲ, ನಾಲಿಗೆ ಅದ್ದಿ ಚೆಲ್ಲಾಡಿ ಕುಡಿಯುತ್ತದೆ, ಬಾಯಿಗೆ ಹೋದದ್ದರಲ್ಲಿ ಸ್ವಲ್ಪ ವಾಪಸ್ ಪಾತ್ರೆಗೇ ಬೀಳುತ್ತದೆ. ಆದರೆ ಕೆನೆ ಸಿಕ್ಕಿದರೆ ಬೆಕ್ಕೂ ಅದನ್ನು ಒರಟು ನಾಲಿಗೆಯಿಂದ ಎಳೆದೆಳೆದು ತಿನ್ನುತ್ತದೆ. ಬೆಳ್ಳಿ ನಿಂತು ನಿಧಾನವಾಗಿ ತಿಂದಿದೆ. ಆಮೇಲೆ ಆ ಬೆಚ್ಚಗಿನ ಹಾಲು ಈ ಸೆಕೆಯಲ್ಲಿ ಮಧ್ಯಾಹ್ನದವರೆಗೆ ಹಾಗೇ ಕೂತಿದೆ.

ನನ್ನ ತಕರಾರು ಇರುವುದು ಈ ಕೂತ ಹೊತ್ತಿನ ಬಗ್ಗೆ. ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಎರಡರಷ್ಟಾಗಬಲ್ಲವು. ಕೆಲವು, ಅದರಲ್ಲೂ ಸ್ಟೆಫೈಲೊಕಾಕಸ್ ಅನ್ನುವುದು, ಬೆಳೆಯುತ್ತಾ ಹಾಲಿಗೆ ವಿಷ ಬಿಡುತ್ತದೆ. ಆಮೇಲೆ ಉಕ್ಕಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹಾಗೇ ಉಳಿಯುತ್ತದೆ. ವಾಂತಿ, ಹೊಟ್ಟೆನೋವು ತರುವುದು ಅದೇ. ಅದು ಬೆಕ್ಕಿನ ಬಾಯಿಂದಲೇ ಬರಬೇಕೆಂದಿಲ್ಲ, ನಮ್ಮ ಕೈಯಿಂದಲೂ ಬರುತ್ತದೆ. ಹಾಗಾಗಿ ಯಾವ ಪ್ರಾಣಿ ಬಾಯಿ ಹಾಕಿತು ಎನ್ನುವುದಕ್ಕಿಂತ ಆಮೇಲೆ ಎಷ್ಟು ಹೊತ್ತು ಹೊರಗಿತ್ತು ಎಂದು ಮೊದಲು ಕೇಳಬೇಕು. ಅಮ್ಮ, ಅಕ್ಕ, ನಿಮಗೆ ಇಷ್ಟು ಹೊತ್ತಾದರೂ ಏನೂ ಆಗಿಲ್ಲ ಎಂದರೆ ಸಂತೋಷ. ರಾತ್ರಿವರೆಗೆ ನೋಡಿಕೊಳ್ಳಿ. ವಾಂತಿ ಶುರುವಾದರೆ ಓಆರ್‌ಎಸ್ ಕುಡಿಯಿರಿ, ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದು ಕಾರಣ ಭಾವ. ಅವರು ಕಿಡ್ನಿ ಕಸಿ ಆದವರು, ರೋಗನಿರೋಧಕ ಶಕ್ತಿ ಕಡಿಮೆ ಮಾಡುವ ಮಾತ್ರೆ ದಿನಾ ತಿನ್ನುತ್ತಾರೆ. ಅಕ್ಕ, ಇದನ್ನು ದಯವಿಟ್ಟು ಮನಸ್ಸಿಗೆ ಹಾಕಿಕೊ. ನಮಗೆ ಗೊತ್ತೇ ಆಗದ ಸಣ್ಣ ಸೋಂಕು ಅವರನ್ನು ಆಸ್ಪತ್ರೆಗೆ ಸೇರಿಸಬಹುದು. ಅವರಿಗೆ, ಪುಟ್ಟಿಗೆ, ಮನೆಗೆ ಬರುವ ಚಿಕ್ಕ ಮಕ್ಕಳಿಗೆ, ಪ್ರಾಣಿ ಬಾಯಿ ಹಾಕಿದ್ದನ್ನು ಕುದಿಸಿಯೂ ಕೊಡಬೇಡಿ. ಅರ್ಧ ಲೀಟರ್ ಹಾಲು ಹೋದರೆ ಹೋಗಲಿ. ನೈವೇದ್ಯಕ್ಕೆ ಬಳಸಬಹುದಾ ಅಂತ ಯಾರೋ ಕೇಳಿದ್ದರು. ಅದು ಅಮ್ಮ ಹೇಳಬೇಕಾದ ಮಾತು, ಅವರು ಹೇಳಿದ ಹಾಗೆ ಮಾಡಿ.

ತಮ್ಮಾ, ರೇಬೀಸ್ ಬಗ್ಗೆ ನೀನು ಹೆದರಿದ್ದು ತಪ್ಪಲ್ಲ. ಬಂದರೆ ಉಳಿಯದ ರೋಗ ಅದು. ಆದರೆ ಅದು ಬರುವ ದಾರಿ ಬೇರೆ. ಕಚ್ಚಿದ ಗಾಯ, ಪರಚಿದ ಗಾಯ, ಇಲ್ಲವೇ ಒಡೆದ ಚರ್ಮಕ್ಕೆ, ಕಣ್ಣಿಗೆ, ಬಾಯಿಯ ಒಳಪದರಕ್ಕೆ ರೋಗ ಬಂದ ಪ್ರಾಣಿಯ ಜೊಲ್ಲು ತಾಗುವುದು. ಗಾಯ ಇಲ್ಲದ ಕೈಯನ್ನು ನಾಯಿ ನೆಕ್ಕಿದರೆ ಸೂಜಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆ ವೈರಸ್ ಕುದಿಯುವ ಶಾಖ ತಡೆಯುವುದಿಲ್ಲ. ನಾನು ಸಾಗರದ ಕಡೆ ಕೆಲಸದಲ್ಲಿದ್ದಾಗ, ಹುಚ್ಚುನಾಯಿ ಕಚ್ಚಿದ ಹಸುವಿನ ಹಾಲು ಕುಡಿದೆವು ಅಂತ ಇಡೀ ಬೀದಿಯೇ ಆಸ್ಪತ್ರೆ ಮುಂದೆ ಸಾಲು ನಿಂತದ್ದನ್ನು ನೋಡಿದ್ದೇನೆ. ಕಾಯಿಸಿ ಕುಡಿದವರಿಗೆ ಸೂಜಿ ಬೇಕಿರಲಿಲ್ಲ. ಆ ಹಸುವಿನ ಬಾಯೊಳಗೆ ಏನೋ ಸಿಕ್ಕಿಕೊಂಡಿದೆ ಅಂತ ಕೈ ಹಾಕಿ ನೋಡಿದವನಿಗೆ ಬೇಕಿತ್ತು, ಅವನು ಮಾತ್ರ ಸಾಲಿನಲ್ಲಿ ಇರಲಿಲ್ಲ. ಮನೆಗೇ ಹೋಗಿ ಕರೆತರಬೇಕಾಯಿತು. ಹಸಿ ಹಾಲು ಕುಡಿದಿದ್ದರೆ ಮಾತ್ರ ಡಾಕ್ಟರಿಗೆ ಹೇಳಿ, ಅವರು ನೋಡಿ ತೀರ್ಮಾನ ಮಾಡುತ್ತಾರೆ.

ಬೆಳ್ಳಿ ಎಂದಾದರೂ ಕಚ್ಚಿದರೆ, ಪರಚಿ ರಕ್ತ ಬಂದರೆ, ಅದು ಬೇರೆ ಮಾತು. ಆಗ ಅರಿಶಿನ, ಸುಣ್ಣ ಏನನ್ನೂ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ನಮ್ಮದೇ ಬೆಕ್ಕು, ಏನಾಗುತ್ತೆ ಅಂತ ಕೂರಬೇಡಿ.

ಈಗ ಪುಟ್ಟಿ, ನಿನ್ನ ನಿಜವಾದ ಭಯ. ಬಸುರಿಯರು ಬೆಕ್ಕು ಸಾಕಬಾರದು ಅಂತ ಯಾರೋ ನಿನಗೆ ಹೇಳಿರಬೇಕು. ಅವರ ಮನಸ್ಸಿನಲ್ಲಿದ್ದದ್ದು ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ. ಹೌದು, ಬಸುರಿಯಲ್ಲಿ ಹೊಸದಾಗಿ ಸೋಂಕಾದರೆ ಮಗುವಿಗೆ ಅಪಾಯ ಇದೆ, ಸುಳ್ಳಲ್ಲ. ಆದರೆ ಅದು ಬೆಕ್ಕಿನ ಹೇಲಿನಿಂದ ಬರುತ್ತದೆ, ಜೊಲ್ಲಿನಿಂದ ಅಲ್ಲ. ಬೆಕ್ಕು ಹಸಿ ಮಾಂಸ, ಇಲಿ, ಹಕ್ಕಿ ತಿಂದು ಮೊದಲ ಸಲ ಸೋಂಕು ತಗುಲಿಸಿಕೊಂಡಾಗ ಒಂದರಿಂದ ಮೂರು ವಾರ ಮಾತ್ರ ಅದನ್ನು ಹೊರಹಾಕುತ್ತದೆ. ಹೊರಬಿದ್ದ ಮೇಲೂ ಸೋಂಕು ಹರಡುವಂತಾಗಲು ಒಂದರಿಂದ ಐದು ದಿನ ಬೇಕು. ಅಂದರೆ ಬೆಳ್ಳಿ ಹೇಲುವ ಮರಳಿನ ಟ್ರೇಯನ್ನು ದಿನಾ ಚೊಕ್ಕ ಮಾಡಿದರೆ ಆ ದಾರಿ ಬಹುಪಾಲು ಮುಚ್ಚಿತು. ಆ ಕೆಲಸ ನೀನು ಮಾಡಬೇಡ, ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ. ಭಾವನೂ ಬೇಡ. ಬೆಳ್ಳಿಗೆ ಹಸಿ ಮೀನು, ಹಸಿ ಮಾಂಸ ಹಾಕಬೇಡಿ, ಬೇಯಿಸಿ ಹಾಕಿ. ಅದನ್ನು ಹೊರಗೆ ಬೇಟೆಗೆ ಬಿಡಬೇಡಿ.

ಇನ್ನೂ ಒಂದು ಮಾತು. ನಮ್ಮ ಜನಕ್ಕೆ ಆ ಸೋಂಕು ಸೊಪ್ಪಿಗೆ ಅಂಟಿದ ಮಣ್ಣಿನಿಂದ, ಅರೆಬೆಂದ ಮಾಂಸದಿಂದಲೂ ಬರುತ್ತದೆ. ಕೊತ್ತಂಬರಿ ಸೊಪ್ಪನ್ನು ಎರಡು ಮೂರು ನೀರಲ್ಲಿ ತೊಳೆ. ಹಿತ್ತಲಲ್ಲಿ ಮಣ್ಣು ಕೆದಕುವಾಗ ಗ್ಲೌಸ್ ಹಾಕಿಕೊ. ಮುಂದಿನ ಸಲ ತಪಾಸಣೆಗೆ ಹೋದಾಗ ಮನೆಯಲ್ಲಿ ಬೆಕ್ಕಿದೆ ಅಂತ ನಿನ್ನ ಡಾಕ್ಟರಿಗೆ ಹೇಳು, ರಕ್ತ ಪರೀಕ್ಷೆ ಬೇಕಾ ಅಂತ ಅವರೇ ಹೇಳುತ್ತಾರೆ.

ಅಣ್ಣ, ನಿನಗೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಗೋಣಿಚೀಲದಲ್ಲಿ ಹಾಕಿ ಬಿಟ್ಟು ಬರುವ ಮಾತು ಇನ್ನೊಮ್ಮೆ ಆಡಬೇಡ. ಸಾಕಿದ ಪ್ರಾಣಿಯನ್ನು ಹಾಗೆ ಬಿಡುವುದು ಕಾನೂನಿನ ಪ್ರಕಾರವೂ ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಇದೆ. ಮಾರ್ಕೆಟ್‌ನಲ್ಲಿ ಬಿಟ್ಟ ಮನೆಬೆಕ್ಕುಗಳು ಹೇಗಾಗುತ್ತವೆ ಅಂತ ನನಗೆ ಗೊತ್ತು, ನನ್ನ ಟೇಬಲ್ ಮೇಲೆ ಬರುತ್ತವೆ. ನಾಯಿ ಕಚ್ಚಿದವು, ಗಾಡಿಗೆ ಸಿಕ್ಕಿದವು, ಮೀನಂಗಡಿಯವರು ಬಿಸಿನೀರು ಎರಚಿದವು. ಮನೆಯೊಳಗೆ ಬೆಳೆದ ಬೆಕ್ಕಿಗೆ ಓಡಲೂ ಬರುವುದಿಲ್ಲ, ಹೆದರಲೂ ಬರುವುದಿಲ್ಲ. ಬೆಳ್ಳಿ ಪಾತ್ರೆ ಹತ್ತಿರ ಹೋದದ್ದು ಹಾಲಿನ ವಾಸನೆಗೆ. ಮುಚ್ಚಳ ಹಾಕಬೇಕಾದದ್ದು ನಾವು.

ಹಾಗೆ ನೋಡಿದರೆ ಹಾಲು ಬೆಳ್ಳಿಗೂ ಒಳ್ಳೆಯದಲ್ಲ. ದೊಡ್ಡ ಬೆಕ್ಕುಗಳಲ್ಲಿ ತುಂಬಕ್ಕೆ ಹಾಲು ಅರಗುವುದಿಲ್ಲ, ಭೇದಿ ಆಗುತ್ತದೆ. ನಾಳೆ ಭೇದಿಯಾದರೆ ಗಾಬರಿ ಬೇಡ, ನೀರು ಇಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಿಗೆ ಬಾಯಿ ಹಾಕಿದರೆ ಮಾತ್ರ ನನಗೆ ಫೋನ್ ಮಾಡಿ. ಅವು ಬೆಕ್ಕು ನಾಯಿ ಎರಡಕ್ಕೂ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ.

ಬೇರೆ ಪದಾರ್ಥಗಳ ಬಗ್ಗೆ ಅಕ್ಕ ಕೇಳಿದ್ದಳು. ಒಲೆ ಮೇಲಿರುವ ಸಾರಿಗೆ ಈಗತಾನೆ ಬಾಯಿ ಹಾಕಿದ್ದು ನೋಡಿದರೆ ಚೆನ್ನಾಗಿ ಮರಳಿಸಿ ದೊಡ್ಡವರು ಊಟ ಮಾಡಬಹುದು. ಮೊಸರು, ಮಜ್ಜಿಗೆ, ಚಟ್ನಿ ಕುದಿಸುವ ವಸ್ತು ಅಲ್ಲ, ಚೆಲ್ಲಿ. ರೊಟ್ಟಿ, ಚಕ್ಕುಲಿ ಆದರೆ ನೆಕ್ಕಿದ್ದನ್ನು ಮಾತ್ರ ತೆಗೆಯಿರಿ. ಪಾತ್ರೆಯನ್ನು ಬಿಸಿನೀರು, ಸೋಪು ಹಾಕಿ ತಿಕ್ಕಿದರೆ ಸಾಕು. ಆದರೆ ಬೆಳಗ್ಗೆ ಮುಚ್ಚಳ ಸರಿದಿದೆ, ಯಾರು ಬಾಯಿ ಹಾಕಿದ್ದು ಗೊತ್ತಿಲ್ಲ ಅಂದರೆ ಅದು ಇಲಿ ಎಂದೇ ತಿಳಿಯಿರಿ. ಇಲಿಯ ಉಚ್ಚೆಯಿಂದ ಇಲಿಜ್ವರ ಬರುತ್ತದೆ. ಆ ಆಹಾರವನ್ನು ಕುದಿಸುವ ಮಾತೇ ಬೇಡ, ಪೂರ್ತಿ ಚೆಲ್ಲಿ.

ಪುಟ್ಟಿ, ಬೆಳ್ಳಿಯ ಲಸಿಕೆ ಕಾರ್ಡಿನ ಫೋಟೊ ಕಳಿಸು. ರೇಬೀಸ್ ಲಸಿಕೆ ಹಾಕಿಸಿ ವರ್ಷ ದಾಟಿದ್ದರೆ ಈ ವಾರವೇ ಹಾಕಿಸೋಣ. ಜಂತುಹುಳದ ಮಾತ್ರೆ ಮೂರು ತಿಂಗಳಿಗೊಮ್ಮೆ ಕೊಡಬೇಕು, ಕೊನೆಗೆ ಕೊಟ್ಟಿದ್ದು ಯಾವಾಗ ಅಂತ ಅಕ್ಕನನ್ನು ಕೇಳಿ ಬರೆ. ತೂಕ ನೋಡಿ ಎಷ್ಟು ಕೊಡಬೇಕು ಅಂತ ನಾನು ಹೇಳುತ್ತೇನೆ.