ಕೀಲಿಯನ್ನು ಕೊಡಬೇಡಿ ಭಾವ

ವಾಟ್ಸಾಪ್ ಗುಂಪು: ನಮ್ಮ ಬಳಗ
ಶನಿವಾರ ಸಂಜೆ

ಸುರೇಶ ಭಾವ (ಫಾರ್ವರ್ಡ್ ಮಾಡಿದ್ದು): ನೀವು ಕಚೇರಿಯಲ್ಲಿರುವಾಗ ನಿಮ್ಮ ಖಾತೆ ತಾನೇ ವಹಿವಾಟು ನಡೆಸುತ್ತದೆ! ನಿಫ್ಟಿ ಸೂಚ್ಯಂಕದ ಆಪ್ಷನ್‌ಗಳಲ್ಲಿ (ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ವಹಿವಾಟು ಮಾಡುವ ಅಲ್ಗೊ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ. ಬ್ರೋಕರ್ ಖಾತೆಯ ಎಪಿಐ (ಪ್ರೋಗ್ರಾಂ ನೇರವಾಗಿ ಆರ್ಡರ್ ಕಳುಹಿಸುವ ದಾರಿ) ಜೋಡಿಸಿದರೆ ಸಾಕು. ಹಣ ನಿಮ್ಮ ಖಾತೆಯಲ್ಲೇ ಇರುತ್ತದೆ. ತಿಂಗಳಿಗೆ ಶೇ 6 ಖಚಿತ. ಕೆಲವೇ ಸ್ಥಾನಗಳು ಉಳಿದಿವೆ.

ಸುರೇಶ ಭಾವ: ವೀಣಾ, ಇದನ್ನು ಒಮ್ಮೆ ನೋಡು. ನೀನೂ ಎಪಿಐ ಮೂಲಕವೇ ಆರ್ಡರ್ ಹಾಕುತ್ತೀಯಲ್ಲ. ಸೋಮವಾರ ಪೇಟೆ ತೆರೆಯುವ ಮೊದಲು ಸೇರಿಕೊಳ್ಳಬೇಕು ಎಂದುಕೊಂಡಿದ್ದೇನೆ.

ರಂಗನಾಥ ಚಿಕ್ಕಪ್ಪ: ಅಳಿಯಂದಿರೇ, ದಯವಿಟ್ಟು ಬೇಡ. ಯಂತ್ರ ತಪ್ಪು ಮಾಡಿದರೆ ತಡೆಯುವವರು ಯಾರು? 2012ರ ಅಕ್ಟೋಬರ್ 5 ನನಗೆ ಚೆನ್ನಾಗಿ ನೆನಪಿದೆ. ನೋಡುನೋಡುತ್ತಿದ್ದಂತೆ ನಿಫ್ಟಿ ಸುಮಾರು 900 ಅಂಶ ಕುಸಿದು ವಹಿವಾಟೇ ನಿಂತುಹೋಯಿತು.

ವೀಣಾ: ಚಿಕ್ಕಪ್ಪ, ಅದು ಯಂತ್ರದ ತಪ್ಪಲ್ಲ. ಬ್ರೋಕರ್ ಸಂಸ್ಥೆಯೊಂದರ ಡೀಲರ್ ತಪ್ಪಾಗಿ ಹಾಕಿದ 59 ಆರ್ಡರ್‌ಗಳು, ₹650 ಕೋಟಿಗೂ ಹೆಚ್ಚು ಮೌಲ್ಯದವು. ಯಂತ್ರದ ಉದಾಹರಣೆ ಬೇಕಿದ್ದರೆ ಅದೇ ವರ್ಷದ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ ನಡೆದದ್ದನ್ನು ನೋಡಿ. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ತಂತ್ರಾಂಶ ಹಾಕುವುದು ಬಿಟ್ಟುಹೋಗಿತ್ತು. 45 ನಿಮಿಷದಲ್ಲಿ 44 ಕೋಟಿ ಡಾಲರ್ ನಷ್ಟ. ಕೈಯೂ ತಪ್ಪುತ್ತದೆ, ಯಂತ್ರವೂ ತಪ್ಪುತ್ತದೆ. ಆದ್ದರಿಂದ ಯಂತ್ರ ಎಂದರೇ ಅಪಾಯ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ಭಾವ, ಜೋಡಿಸಲು ಅವರು ಏನೇನು ಕೇಳಿದ್ದಾರೆ?

ಸುರೇಶ ಭಾವ: ಒಂದು ಫಾರಂ ಕಳುಹಿಸಿದ್ದಾರೆ. ಬಳಕೆದಾರರ ಐಡಿ, ಪಾಸ್‌ವರ್ಡ್, ಎಪಿಐ ಕೀ, ಎಪಿಐ ಸೀಕ್ರೆಟ್, ಕೊನೆಯಲ್ಲಿ ಟಿಓಟಿಪಿ ಕೀ. ಎಲ್ಲವನ್ನೂ ತುಂಬಿಟ್ಟಿದ್ದೇನೆ, ಇನ್ನೂ ಕಳುಹಿಸಿಲ್ಲ.

ವೀಣಾ: ಕಳುಹಿಸಬೇಡಿ ಭಾವ. ಕೈಮುಗಿದು ಕೇಳುತ್ತೇನೆ.

ಬ್ರೋಕರ್‌ನ ಎಪಿಐ ಟೋಕನ್, ಅಂದರೆ ಲಾಗಿನ್ ಆದ ಮೇಲೆ ಪ್ರೋಗ್ರಾಮಿಗೆ ಸಿಗುವ ಪ್ರವೇಶ ಚೀಟಿ, ಒಂದು ದಿನಕ್ಕಷ್ಟೇ ನಡೆಯುತ್ತದೆ. ಝೆರೋಧಾ ಬ್ರೋಕರ್ ಸಂಸ್ಥೆಯ ಎಪಿಐ ಆದ ಕೈಟ್ ಕನೆಕ್ಟ್‌ನಲ್ಲಿ ಮರುದಿನ ಬೆಳಗ್ಗೆ 6ಕ್ಕೆ ಅದರ ಅವಧಿ ಮುಗಿಯುತ್ತದೆ. ಖಾತೆಯ ಒಡೆಯ ದಿನಕ್ಕೊಮ್ಮೆ ತಾನೇ ಲಾಗಿನ್ ಆಗಿ, ಮೊಬೈಲ್‌ನಲ್ಲಿ ಬದಲಾಗುತ್ತಿರುವ ಆರು ಅಂಕಿಗಳನ್ನು ಹಾಕಿದರೆ ಮಾತ್ರ ಹೊಸ ಟೋಕನ್. ಆ ಆರು ಅಂಕಿ ಹುಟ್ಟುವುದೇ ಟಿಓಟಿಪಿ ಕೀಯಿಂದ. ಅದನ್ನೂ ಪಾಸ್‌ವರ್ಡನ್ನೂ ಕೊಟ್ಟರೆ ಅವರು ನಿಮ್ಮನ್ನು ಕೇಳದೆ ಪ್ರತಿದಿನ ನಿಮ್ಮ ಹೆಸರಿನಲ್ಲಿ ಒಳಗೆ ಹೋಗಬಹುದು.

ರಂಗನಾಥ ಚಿಕ್ಕಪ್ಪ: ಸಹಿ ಮಾಡಿದ ಖಾಲಿ ಚೆಕ್ ಪುಸ್ತಕವನ್ನೇ ಕೊಟ್ಟ ಹಾಗಾಯಿತು.

ಸುರೇಶ ಭಾವ: ಆದರೆ ಹಣ ತೆಗೆಯುವುದಿದ್ದರೆ ಅದು ನನ್ನ ಬ್ಯಾಂಕ್ ಖಾತೆಗೇ ಬರಬೇಕಲ್ಲವೇ? ಕದಿಯುವುದು ಹೇಗೆ?

ವೀಣಾ: ಕದಿಯಲು ಹಣ ತೆಗೆಯಬೇಕಾಗಿಲ್ಲ. ಯಾರೂ ಕೊಳ್ಳದ, ಯಾರೂ ಮಾರದ ದೂರದ ಸ್ಟ್ರೈಕ್‌ನ, ಅಂದರೆ ಪೇಟೆಯ ಈಗಿನ ಮಟ್ಟದಿಂದ ಬಹಳ ದೂರದ ನಿಗದಿತ ಬೆಲೆಯ, ಆಪ್ಷನ್‌ಗಳು ಇರುತ್ತವೆ. ಎರಡು ರೂಪಾಯಿಯೂ ಬಾಳದ ಅಂಥ ಒಂದು ಆಪ್ಷನ್ನನ್ನು ಅವರು ತಮ್ಮ ಖಾತೆಯಿಂದ ₹40ಕ್ಕೆ ಮಾರಾಟಕ್ಕಿಡುತ್ತಾರೆ. ನಿಮ್ಮ ಖಾತೆಯಿಂದ ಅದೇ ಬೆಲೆಗೆ ಖರೀದಿ ಆರ್ಡರ್ ಹೋಗುತ್ತದೆ. ನಿಮ್ಮ ಹಣ ಅವರದಾಯಿತು. ದಾಖಲೆಯಲ್ಲಿ ಅದು ನೀವೇ ಮಾಡಿದ ವಹಿವಾಟು. ಎಲ್ಲರೂ ಹೀಗೆ ಮಾಡುತ್ತಾರೆ ಎನ್ನುವುದಿಲ್ಲ, ಆದರೆ ಆ ಫಾರಂ ಇದಕ್ಕೆ ದಾರಿ ಮಾಡಿಕೊಡುತ್ತದೆ.

ಸುರೇಶ ಭಾವ: ಸರಿ, ಇವರನ್ನು ಬಿಡೋಣ. ಆದರೆ ನನ್ನ ಮೂಲ ಪ್ರಶ್ನೆ ಹಾಗೆಯೇ ಇದೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನ ಓದಿದ್ದೇನೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಿದೇಶಿ ಹೂಡಿಕೆದಾರರ ಲಾಭದ ಶೇ 97 ಅಲ್ಗೊಗಳಿಂದ ಬಂದದ್ದು. ಬ್ರೋಕರ್‌ಗಳು ಸ್ವಂತ ಹಣದಲ್ಲಿ ಗಳಿಸಿದ್ದರಲ್ಲಿ ಶೇ 96. ನಮ್ಮಂಥವರಲ್ಲಿ ಶೇ 93 ಮಂದಿ ಸೋತಿದ್ದಾರೆ. ಭಯ, ಆಸೆ ಎರಡೂ ಇಲ್ಲದ ಯಂತ್ರ ಗೆಲ್ಲುತ್ತದೆ, ಕೈಯಲ್ಲಿ ಆಡುವವನು ಸೋಲುತ್ತಾನೆ. ಇದು ತಪ್ಪು ಲೆಕ್ಕವೇ?

ವೀಣಾ: ಅಂಕಿಗಳು ಸರಿ, ಅವುಗಳಿಂದ ಹೊರಟ ತೀರ್ಮಾನ ಸರಿಯಲ್ಲ. ಗೆದ್ದವರು ಅಲ್ಗೊ ಬಳಸಿದರು ಎಂದರೆ ಅಲ್ಗೊ ಬಳಸಿದವರೆಲ್ಲ ಗೆದ್ದರು ಎಂದಾಗುವುದಿಲ್ಲ. ಅವರ ಸರ್ವರ್‌ಗಳು ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ಡೇಟಾ ಕೇಂದ್ರದೊಳಗೇ ಇರುತ್ತವೆ. ನಿಮ್ಮ ಆರ್ಡರ್ ಮನೆಯ ವೈಫೈಯಿಂದ ಹೊರಟು, ಬ್ರೋಕರ್‌ನ ತಪಾಸಣೆ ದಾಟಿ, ಆಮೇಲೆ ವಿನಿಮಯ ಕೇಂದ್ರ ಮುಟ್ಟುತ್ತದೆ. ಅಷ್ಟರಲ್ಲಿ ಅವರ ಕೆಲಸ ಮುಗಿದಿರುತ್ತದೆ. ಆಪ್ಷನ್‌ನಲ್ಲಿ ಒಬ್ಬರ ಲಾಭ ಇನ್ನೊಬ್ಬರ ನಷ್ಟ. ಮೂರು ಹಣಕಾಸು ವರ್ಷಗಳಲ್ಲಿ ಜನಸಾಮಾನ್ಯರು ಕಳೆದುಕೊಂಡದ್ದು ₹1.8 ಲಕ್ಷ ಕೋಟಿಗೂ ಹೆಚ್ಚು ಎಂದು ಅದೇ ಅಧ್ಯಯನ ಹೇಳುತ್ತದೆ. ಅದೇ ಕೆಟ್ಟ ತಂತ್ರವನ್ನು ಯಂತ್ರಕ್ಕೆ ಕೊಟ್ಟರೆ ಅದು ಬೇಸರವಿಲ್ಲದೆ, ಊಟಕ್ಕೂ ಏಳದೆ ಸೋಲುತ್ತಲೇ ಇರುತ್ತದೆ.

ಪ್ರಸನ್ನ: ಭಾವ, ಖರ್ಚನ್ನೂ ಲೆಕ್ಕ ಹಾಕಿ. ಆರ್ಡರ್‌ಗೆ ₹20 ದಲ್ಲಾಳಿ ಶುಲ್ಕ ಎಂದಿಟ್ಟುಕೊಳ್ಳಿ. ದಿನಕ್ಕೆ ಹತ್ತು ಆರ್ಡರ್ ಆದರೆ ತಿಂಗಳ ಇಪ್ಪತ್ತು ವಹಿವಾಟು ದಿನಗಳಿಗೆ ₹4000. ಅದರ ಮೇಲೆ ಶೇ 18 ಜಿಎಸ್‌ಟಿ. ಆಪ್ಷನ್ ಮಾರಾಟದ ಮೇಲಿನ ವಹಿವಾಟು ತೆರಿಗೆ ಎಸ್‌ಟಿಟಿ 2024ರ ಅಕ್ಟೋಬರ್‌ನಲ್ಲಿ ಶೇ 0.0625ರಿಂದ ಶೇ 0.1ಕ್ಕೆ ಏರಿತು. ಜೊತೆಗೆ ಇದು ವ್ಯಾಪಾರದ ಆದಾಯ, ಆದಾಯ ತೆರಿಗೆಯ ಐಟಿಆರ್-3 ಫಾರಂ ಸಲ್ಲಿಸಬೇಕು. ಪ್ರತಿ ವರ್ಷ ಜುಲೈನಲ್ಲಿ ತೆರಿಗೆ ಲೆಕ್ಕಕ್ಕೆ ನನ್ನ ಬಳಿ ಬರುವವರಲ್ಲಿ ಹಲವರಿಗೆ ಇದು ಗೊತ್ತೇ ಇರುವುದಿಲ್ಲ.

ಲತಕ್ಕ: ವೀಣಾ, ಹಾಗಾದರೆ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅಮ್ಮನ ಖಾತೆಗೆ ನೀನೇ ನಿನ್ನ ಪ್ರೋಗ್ರಾಮಿನಿಂದ ಆರ್ಡರ್ ಹಾಕುತ್ತೀಯ. ಇವರ ಖಾತೆಗೂ ನೀನೇ ಹಾಕಿಕೊಡಬಾರದೇಕೆ? ಹೊರಗಿನವರ ಬಾಗಿಲಿಗೆ ಹೋಗುವುದೇ ಬೇಡವಲ್ಲ.

ಸುರೇಶ ಭಾವ: ನಾನೂ ಅದನ್ನೇ ಕೇಳಬೇಕೆಂದಿದ್ದೆ. ಎರಡು ಲಕ್ಷ ಹಾಕುತ್ತೇನೆ. ನಷ್ಟವಾದರೆ ನಿನ್ನನ್ನು ಒಂದು ಮಾತೂ ಅನ್ನುವುದಿಲ್ಲ.

ವೀಣಾ: ಆಗುವುದಿಲ್ಲ ಭಾವ.

ಸೆಬಿ 2025ರ ಫೆಬ್ರುವರಿ 4ರಂದು ಈ ವಿಷಯಕ್ಕೇ ಸುತ್ತೋಲೆ ಹೊರಡಿಸಿದೆ. ತಾನೇ ಬರೆದ ಅಲ್ಗೊವನ್ನು ಹೂಡಿಕೆದಾರ ತನ್ನ ಕುಟುಂಬಕ್ಕೂ ಬಳಸಬಹುದು ಎಂದಿದೆ. ಕುಟುಂಬ ಎಂದರೆ ಯಾರು ಎಂಬುದನ್ನೂ ಅಲ್ಲೇ ಬರೆದಿದೆ: ತಾನು, ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಅವಲಂಬಿತ ತಂದೆತಾಯಿ. ಅಮ್ಮ ನನ್ನ ಜೊತೆಗಿದ್ದಾರೆ, ನನ್ನ ಅವಲಂಬಿತರು. ಅಕ್ಕನಾಗಲಿ ಭಾವನಾಗಲಿ ಆ ಪಟ್ಟಿಯಲ್ಲಿ ಇಲ್ಲ.

ಲತಕ್ಕ: ಒಂದೇ ಮನೆಯಲ್ಲಿ ಬೆಳೆದವರು ಈಗ ಪಟ್ಟಿ ನೋಡಿ ಸಂಬಂಧ ಲೆಕ್ಕ ಹಾಕಬೇಕೇ?

ವೀಣಾ: ಸಂಬಂಧ ಉಳಿಯಲಿ ಎಂದೇ ಬೇಡ ಎನ್ನುತ್ತಿದ್ದೇನೆ ಅಕ್ಕ. ನಿಯಮ ಬಿಡುತ್ತಿದ್ದರೂ ಒಪ್ಪುತ್ತಿರಲಿಲ್ಲ. ನನ್ನ ಪ್ರೋಗ್ರಾಂ ಆಪ್ಷನ್ ಮುಟ್ಟುವುದೇ ಇಲ್ಲ. ಬೆಳಗ್ಗೆ ನಾನೇ ಲಾಗಿನ್ ಆಗುತ್ತೇನೆ. ನಿಫ್ಟಿಯ ಷೇರುಗಳನ್ನೇ ಹೊಂದಿರುವ ನಿಫ್ಟಿ ಬೀಸ್ ಫಂಡ್‌ನ ಬೆಲೆ ನಾನು ಬರೆದಿಟ್ಟ ಮಟ್ಟಕ್ಕೆ ಇಳಿದಿದ್ದರೆ ಒಂದು ಲಿಮಿಟ್ ಆರ್ಡರ್ (ಇಷ್ಟಕ್ಕಿಂತ ಹೆಚ್ಚು ಬೆಲೆ ಕೊಡಬೇಡ ಎಂಬ ಆರ್ಡರ್) ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಪೂರ್ತಿ ಹಣ ಕೊಟ್ಟು ಕೊಳ್ಳುವ ಡೆಲಿವರಿ ಖರೀದಿ, ಸಾಲದ ಮಾರ್ಜಿನ್ ಇಲ್ಲ. ಶೇ 6ರ ಆಸೆಯವರಿಗೆ ಅದರಲ್ಲಿ ಏನೂ ಸಿಗುವುದಿಲ್ಲ.

ಇಷ್ಟು ಸರಳವಾದದ್ದನ್ನು ಬರೆಯುವುದೂ ಸುಲಭವಿರಲಿಲ್ಲ. ಖರೀದಿಸು ಎನ್ನುವುದು ಒಂದೇ ಸಾಲು. ಅದಾದ ಮೇಲೆ ಏನಾಯಿತು ಎಂದು ತಿಳಿಯುವುದಕ್ಕೇ ಉಳಿದ ಸಾಲುಗಳೆಲ್ಲ ಬೇಕು. ಆರ್ಡರ್ ಕಳುಹಿಸಿದೊಡನೆ ಒಂದು ಆರ್ಡರ್ ಸಂಖ್ಯೆ ಬರುತ್ತದೆ. ಹೊಸಬರು ಖರೀದಿ ಆಯಿತು ಎಂದುಕೊಳ್ಳುತ್ತಾರೆ. ನಿಮ್ಮ ವಿನಂತಿ ಬ್ರೋಕರ್‌ಗೆ ತಲುಪಿದೆ ಎಂಬುದಷ್ಟೇ ಅದರ ಅರ್ಥ. ಆಮೇಲೆ ಹಣ ಸಾಲದೆ ತಿರಸ್ಕೃತವಾಗಬಹುದು, ನೂರು ಕೇಳಿದಲ್ಲಿ ನಲವತ್ತೇ ಸಿಗಬಹುದು. ಕಳುಹಿಸಿದ ಕ್ಷಣದಲ್ಲೇ ನೆಟ್ ಕೈಕೊಟ್ಟರೆ ಉತ್ತರವೇ ಬರುವುದಿಲ್ಲ. ವಿಫಲವಾಯಿತೆಂದು ಪ್ರೋಗ್ರಾಂ ಮತ್ತೆ ಕಳುಹಿಸಿದರೆ ಎರಡೂ ಆಗಿರುತ್ತವೆ. ಆದ್ದರಿಂದ ಪ್ರತಿ ಆರ್ಡರ್‌ಗೂ ನನ್ನದೊಂದು ಗುರುತು ಹಚ್ಚುತ್ತೇನೆ, ಎರಡನೆಯ ಸಲ ಕಳುಹಿಸುವ ಮೊದಲು ಆರ್ಡರ್ ಪುಸ್ತಕದಲ್ಲಿ ಆ ಗುರುತನ್ನು ಹುಡುಕಿಸುತ್ತೇನೆ.

ಆಪ್ಷನ್‌ನಲ್ಲಿ ಇದು ಇನ್ನೂ ಕಠಿಣ. ₹100ರ ಬೆಲೆಗೆ ಒಂದು ಲಾಟ್ (ಆಪ್ಷನ್‌ಗಳ ಒಂದು ಕಟ್ಟು) ಕೊಂಡು, ಲಾಭಕ್ಕೆ ಮಾರಲು ₹130ಕ್ಕೆ ಟಾರ್ಗೆಟ್, ನಷ್ಟ ತಡೆಯಲು ₹80ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದೀರಿ ಎಂದುಕೊಳ್ಳಿ. ಎರಡೂ ಮಾರಾಟದ ಆರ್ಡರ್‌ಗಳೇ. ₹130ಕ್ಕೆ ಮಾರಾಟವಾಯಿತು, ಸಂತೋಷ. ಆದರೆ ಆ ಕ್ಷಣವೇ ₹80ರ ಆರ್ಡರನ್ನು ಪ್ರೋಗ್ರಾಂ ರದ್ದು ಮಾಡದಿದ್ದರೆ ಅದು ಕಾಯುತ್ತಾ ಕುಳಿತಿರುತ್ತದೆ. ಮಧ್ಯಾಹ್ನ ಬೆಲೆ ಇಳಿದಾಗ, ಖಾತೆಯಲ್ಲಿ ಅದಕ್ಕೆ ಬೇಕಾದ ಮುಂಗಡ ಹಣ (ಮಾರ್ಜಿನ್) ಇದ್ದರೆ, ನಿಮ್ಮ ಬಳಿ ಇಲ್ಲದ್ದನ್ನು ಮಾರಿಬಿಡುತ್ತದೆ. ಅದು ಕಾಲ್ ಆಪ್ಷನ್ (ಕೊಳ್ಳುವ ಹಕ್ಕು) ಆಗಿದ್ದು ಪೇಟೆ ಮೇಲೇರಿದರೆ ನಷ್ಟಕ್ಕೆ ಮಿತಿಯೇ ಇಲ್ಲ. ನೀವು ಕಚೇರಿಯಲ್ಲಿರುತ್ತೀರಿ.

ಸುರೇಶ ಭಾವ: ಇದನ್ನು ಆ ಅಲ್ಗೊದವರು ಹೇಳಲೇ ಇಲ್ಲ.

ವೀಣಾ: ಅವರಿಗೆ ಎರಡೇ ಪ್ರಶ್ನೆ ಕಳುಹಿಸಿ. ನಿಮ್ಮ ಸಂಸ್ಥೆ ವಿನಿಮಯ ಕೇಂದ್ರದ ಮಾನ್ಯತೆ ಪಡೆದಿದೆಯೇ? ಈ ಅಲ್ಗೊಗೆ ವಿನಿಮಯ ಕೇಂದ್ರ ಕೊಟ್ಟ ಗುರುತಿನ ಸಂಖ್ಯೆ ಯಾವುದು? ಹೊರಗಿನವರು ಅಲ್ಗೊ ಒದಗಿಸಬೇಕಾದರೆ ಆ ಸುತ್ತೋಲೆಯ ಪ್ರಕಾರ ಇವೆರಡೂ ಬೇಕು. ಗುರುತಿಸಿದ ಸ್ಥಿರ ಐಪಿ ವಿಳಾಸದಿಂದಲೇ ಆರ್ಡರ್ ಬರಬೇಕು. 2026ರ ಏಪ್ರಿಲ್ 1ರಿಂದ ಎಲ್ಲ ಬ್ರೋಕರ್‌ಗಳಿಗೂ ಈ ಚೌಕಟ್ಟು ಕಡ್ಡಾಯ.

ಸುರೇಶ ಭಾವ: ಕಳುಹಿಸಿದೆ.

ಸುರೇಶ ಭಾವ: ಉತ್ತರ ಬಂತು. "ನಮ್ಮದು ಶಿಕ್ಷಣ ಸೇವೆ ಸರ್, ನೋಂದಣಿ ಅಗತ್ಯವಿಲ್ಲ. ಇಂದು ರಾತ್ರಿಯೊಳಗೆ ಫಾರಂ ಕಳುಹಿಸಿದರೆ ಅರ್ಧ ಶುಲ್ಕ."

ಪ್ರಸನ್ನ: ಶಿಕ್ಷಣ ಕೊಡುವವರಿಗೆ ನಿಮ್ಮ ಪಾಸ್‌ವರ್ಡ್ ಏಕೆ ಬೇಕು ಭಾವ?

ಸುರೇಶ ಭಾವ: ಫಾರಂ ಅಳಿಸಿದೆ. ಆದರೆ ಯಂತ್ರದಿಂದ ಆರ್ಡರ್ ಹಾಕುವುದನ್ನು ನಾನು ಕಲಿತೇ ಕಲಿಯುತ್ತೇನೆ. ಅದನ್ನು ಬಿಡು ಎಂದು ಯಾರೂ ಹೇಳಬೇಡಿ.

ರಂಗನಾಥ ಚಿಕ್ಕಪ್ಪ: ನಾನು ಹೇಳುತ್ತೇನೆ, ಬಿಡಿ. ನಿವೃತ್ತಿಗೆ ಕೂಡಿಟ್ಟ ಹಣ ಅದು.

ವೀಣಾ: ಚಿಕ್ಕಪ್ಪ, ಕಲಿಯಲಿ ಬಿಡಿ, ನಾನು ಜೊತೆಗಿರುತ್ತೇನೆ. ಭಾವ, ಝೆರೋಧಾದಲ್ಲಿ ಎಪಿಐಗೆ ಮೊದಲು ತಿಂಗಳಿಗೆ ₹2000 ಶುಲ್ಕ ಇತ್ತು, 2025ರಿಂದ ವೈಯಕ್ತಿಕ ಬಳಕೆಗೆ ಆರ್ಡರ್ ಹಾಕುವ ಭಾಗ ಉಚಿತ. ಆಪ್ಷನ್ ವಿಭಾಗವನ್ನು ನಿಮ್ಮ ಖಾತೆಯಲ್ಲಿ ನಿಷ್ಕ್ರಿಯ ಮಾಡಿಡಿ. ಒಂದೇ ಒಂದು ಷೇರಿಗೆ, ಪೇಟೆಯ ಬೆಲೆಗಿಂತ ಕೆಳಗೆ ಲಿಮಿಟ್ ಆರ್ಡರ್ ಕಳುಹಿಸಿ. ಅದರ ಸ್ಥಿತಿಯನ್ನು ಓದಿಸಿ, ರದ್ದು ಮಾಡಿಸಿ, ರದ್ದಾಯಿತೇ ಎಂದು ಮತ್ತೆ ಓದಿಸಿ. ನಡುವೆ ಒಮ್ಮೆ ವೈಫೈ ಆರಿಸಿ, ಪ್ರೋಗ್ರಾಂ ಏನು ಮಾಡುತ್ತದೆ ನೋಡಿ. ಇಷ್ಟು ಸರಿಯಾದ ಮೇಲೆ ಕೋಡ್ ಕಳುಹಿಸಿ, ಓದಿ ಹೇಳುತ್ತೇನೆ. ಕಳುಹಿಸುವ ಮೊದಲು ಅದರೊಳಗಿನ ಕೀ ಮತ್ತು ಸೀಕ್ರೆಟ್ ತೆಗೆದಿರಬೇಕು, ನನಗೂ ಅವು ಬೇಡ.

ಸುರೇಶ ಭಾವ: ಆಗಲಿ.

ಲತಕ್ಕ: ಎರಡು ಲಕ್ಷವನ್ನು ನಾಳೆಯೇ ಠೇವಣಿಯಲ್ಲಿ ಇಡಿಸುತ್ತೇನೆ ಚಿಕ್ಕಪ್ಪ. ಒಂದು ಷೇರಿನಿಂದ ಇವರು ಕಲಿಯಲಿ.