ಚಳಿ ತಡೆಯುವ ಬಳ್ಳಿ ಗುಲಾಬಿ ಯಾವುದು?

ಪ್ರಶ್ನೆ:
ಎರಡು ವರ್ಷದ ಹಿಂದೆ ಗೋಡೆ ಪಕ್ಕ ಬಳ್ಳಿ ಗುಲಾಬಿ ನೆಟ್ಟೆ. ಮೊದಲ ಹಿಮಕ್ಕೇ ಬುಡದವರೆಗೂ ಕಪ್ಪಾಯಿತು. ಈಗ ಬುಡದಲ್ಲಿ ಆಳೆತ್ತರದ ಚಿಗುರಿದೆ, ಮೊಗ್ಗಿನ ಸುಳಿವಿಲ್ಲ. ಕಾಯಲೋ, ಕೀಳಲೋ?

ಉತ್ತರ 1:
ಬುಡದ ಮಣ್ಣು ಕೆದಕಿ ನೋಡಿ. ಚಿಗುರು ಕಸಿಗಂಟಿನ, ಅಂದರೆ ನಿಮ್ಮ ತಳಿಯನ್ನು ಬೇರೊಂದು ಗಿಡದ ಬೇರಿಗೆ ಕೂಡಿಸಿದ ಜಾಗದ, ಕೆಳಗಿಂದ ಹೊರಟಿದ್ದರೆ ಅದು ಆ ಬೇರುಗಿಡದ್ದು, ನೀವು ನೆಟ್ಟ ತಳಿ ಹೋಯಿತು. ನಾನೂ ಹೀಗೇ ಒಂದು ವರ್ಷ ಬೇರೆ ಗಿಡಕ್ಕೆ ಗೊಬ್ಬರ ಹಾಕಿದ್ದೆ, ಇವತ್ತಿಗೂ ಸಂಕಟವಾಗುತ್ತದೆ. ಈ ಸಲ ಕಸಿ ಮಾಡದ, ಸ್ವಂತ ಬೇರಿನ ಗಿಡವನ್ನೇ ತನ್ನಿ. ಮೇಲೆಲ್ಲ ಸತ್ತರೂ ಬುಡದಿಂದ ಅದೇ ತಳಿ ಬರುತ್ತದೆ. ನನ್ನ ಆಯ್ಕೆ ಕೆನಡಾದ ‘ವಿಲಿಯಂ ಬಾಫಿನ್’. ಮೈನಸ್ 30 ಡಿಗ್ರಿಗೂ ಜಗ್ಗುವುದಿಲ್ಲ. ಪರಿಮಳ ಕಡಿಮೆ, ಮುಳ್ಳು ಜಾಸ್ತಿ.

ಉತ್ತರ 2:
ಚಳಿ ಅಷ್ಟು ಕಡುವಲ್ಲದಿದ್ದರೆ 1930ರ ‘ನ್ಯೂ ಡಾನ್’ ಹಾಕಿ. ಅಮೆರಿಕದಲ್ಲಿ ಸಸ್ಯಕ್ಕೆ ಸಿಕ್ಕ ಮೊದಲ ಪೇಟೆಂಟ್ ಇದರದೇ. ಮುಳ್ಳಿಲ್ಲದ ‘ಝೆಫಿರಿನ್ ದ್ರುಆಂ’ ಆಸೆಪಟ್ಟು ತಂದಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಪ್ಪು ಚುಕ್ಕೆ ರೋಗಕ್ಕೆ ಎಲೆಯೆಲ್ಲ ಉದುರಿತು. ಯಾವುದೇ ಇರಲಿ, ರೆಂಬೆಗಳನ್ನು ಅಡ್ಡಕ್ಕೆ ಬಾಗಿಸಿ ಕಟ್ಟಿ, ಗಣ್ಣುಗಣ್ಣಿಗೂ ಹೂ ಬಿಡುವ ಕೊಂಬೆ ಏಳುತ್ತದೆ.

ಪ್ರಶ್ನೆ ಕೇಳಿದವರು:
ಕೆದಕಿದೆ. ಗಂಟಿಗಿಂತ ನಾಲ್ಕು ಬೆರಳು ಕೆಳಗಿದೆ. ನಾಳೆ ಕೀಳುತ್ತೇನೆ.