ಪದಚರ್ಚೆ: ಇಂಟರ್‌ಆಪರೆಬಿಲಿಟಿ, ಫೆಡರೇಷನ್, ಡಾಮಿನೆನ್ಸ್

ಪ್ರಶ್ನೆ (ಹಾಸನ):
ಎಲ್ಲರಿಗೂ ನಮಸ್ಕಾರ. ಮಾಸ್ಟೊಡಾನ್ ಥರದ, ಒಂದೇ ಕಂಪನಿಯ ಬದಲು ಅನೇಕ ಸ್ವತಂತ್ರ ಸರ್ವರ್‌ಗಳು ನಡೆಸುವ ವಿಕೇಂದ್ರಿತ ಸಾಮಾಜಿಕ ಜಾಲಗಳ ಬಗ್ಗೆ ಪದವಿ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಟಿಪ್ಪಣಿ ಮಾಡುತ್ತಿದ್ದೇವೆ. ‘ಇಂಟರ್‌ಆಪರೆಬಿಲಿಟಿ’ಗೆ (ಬೇರೆ ಬೇರೆ ತಂತ್ರಾಂಶಗಳು ಒಂದರ ಜೊತೆ ಒಂದು ಕೆಲಸ ಮಾಡುವುದು) ‘ಪರಸ್ಪರ ಕಾರ್ಯಸಾಧ್ಯತೆ’, ‘ಫೆಡರೇಷನ್’ಗೆ ‘ಒಕ್ಕೂಟ’, ‘ಡಾಮಿನೆನ್ಸ್’ಗೆ ‘ಏಕಸ್ವಾಮ್ಯ’ ಅಂತ ಸದ್ಯಕ್ಕೆ ಹಾಕಿದ್ದೇವೆ. ಒಕ್ಕೂಟ ಅಂದರೆ ನಮ್ಮ ಕಡೆ ಮೊದಲು ಹಾಲು ಒಕ್ಕೂಟವೇ ನೆನಪಾಗುವುದು. ಬೇರೆ ಪದ ಬೇಕೇ?

ಉತ್ತರ (ಚಿಕ್ಕಮಗಳೂರು):
ಬೇಕು ಮೇಡಂ. ಹಾಲಿನ ವ್ಯವಸ್ಥೆಯಲ್ಲಿ ಊರ ಡೇರಿ, ಮೇಲೆ ಒಕ್ಕೂಟ, ಅದರ ಮೇಲೆ ಕೆಎಂಎಫ್. ಮಾಸ್ಟೊಡಾನ್‌ನಲ್ಲಿ ಮೇಲೆ ಕೂತವರು ಯಾರೂ ಇಲ್ಲ. ಬೇರೆ ಸರ್ವರ್‌ನ ಒಬ್ಬರನ್ನು ನೀವು ಫಾಲೋ ಮಾಡಿದರೆ ನಿಮ್ಮ ಸರ್ವರ್ ವೆಬ್‌ಫಿಂಗರ್ ಎಂಬ ಖಾತೆ ಹುಡುಕುವ ವಿಧಾನದಿಂದ ಅವರ ವಿಳಾಸ ಪತ್ತೆಮಾಡಿ, ಅವರ ಇನ್‌ಬಾಕ್ಸ್‌ಗೆ ಡಿಜಿಟಲ್ ಸಹಿ ಇರುವ ಕೋರಿಕೆ ಕಳಿಸುತ್ತದೆ. ಒಪ್ಪಿಗೆ ಬಂದ ಮೇಲೆ ಹೊಸ ಪೋಸ್ಟ್‌ಗಳು ನೇರ ಬರತೊಡಗುತ್ತವೆ. ಬೇಡವೆನಿಸಿದ ಸರ್ವರನ್ನು ಅಡ್ಮಿನ್ ಪೂರ್ತಿ ಬ್ಲಾಕ್ ಮಾಡಲೂಬಹುದು. ಸೇರುವುದು, ಬಿಡುವುದು ಎರಡೂ ಅವರವರ ಕೈಯಲ್ಲಿರುವುದರಿಂದ ನನ್ನ ಓಟು ‘ಸರ್ವರ್‌ಗಳ ಒಡನಾಟ’ಕ್ಕೆ.

‘ಕಾರ್ಯಸಾಧ್ಯತೆ’ ಖಂಡಿತ ಬೇಡ. ಕೆಲಸ ಆಗುತ್ತದೋ ಇಲ್ಲವೋ ಅನ್ನುವ ಅರ್ಥಕ್ಕೆ ಅದು ಆಗಲೇ ಬಳಕೆಯಲ್ಲಿದೆ. ‘ಪರಸ್ಪರ ಹೊಂದಾಣಿಕೆ’ ಸಾಕು. ಹೊಂದಾಣಿಕೆಯಲ್ಲಿ ಹೆಚ್ಚು ಕಡಿಮೆ ಇರುತ್ತದೆ ಅನ್ನುವುದೂ ಅದರಲ್ಲೇ ಬರುತ್ತದೆ. ಚರ್ಚೆಗಳ ಜಾಲವಾದ ಲೆಮ್ಮಿ ಮತ್ತು ಮಾಸ್ಟೊಡಾನ್ ಎರಡೂ ಆಕ್ಟಿವಿಟಿಪಬ್ ಬಳಸುತ್ತವೆ; ಅದು ಸರ್ವರ್‌ಗಳು ಮಾತಾಡಿಕೊಳ್ಳುವ ನಿಯಮಾವಳಿ, ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ 2018ರಲ್ಲಿ ಶಿಫಾರಸು ಮಾಡಿದ್ದು. ಆದರೂ ಲೆಮ್ಮಿಯಲ್ಲಿ ಹಾಕಿದ ಡೌನ್‌ವೋಟ್ ಮಾಸ್ಟೊಡಾನ್‌ನಲ್ಲಿ ಕಾಣುವುದಿಲ್ಲ, ಅಲ್ಲಿ ಅದಕ್ಕೆ ಜಾಗವೇ ಇಲ್ಲ.

‘ಏಕಸ್ವಾಮ್ಯ’ ಅಂದರೆ ಒಬ್ಬನೇ ಒಡೆಯ. ಇಲ್ಲಿನ ತೊಂದರೆ ಬೇರೆ: ಸರ್ವರ್‌ಗಳು ನೂರಾರು ಇದ್ದರೂ ಜನ ಒಂದೇ ಕಡೆ ಸೇರಿದರೆ ಉಳಿದವರೆಲ್ಲ ಅದರ ತಾಳಕ್ಕೆ ಕುಣಿಯಬೇಕಾಗುತ್ತದೆ. ಗೂಗಲ್‌ನ ಚಾಟ್ ಸೇವೆ ಗೂಗಲ್ ಟಾಕ್ 2005ರಲ್ಲಿ ಎಕ್ಸ್‌ಎಂಪಿಪಿ ಎಂಬ ಮುಕ್ತ ಸಂದೇಶ ನಿಯಮಾವಳಿಯ ಮೇಲೆ ಶುರುವಾಗಿ ಮುಂದಿನ ವರ್ಷ ಹೊರಗಿನ ಸರ್ವರ್‌ಗಳಿಗೂ ತೆರೆದುಕೊಂಡಿತು. ಅದರ ಬದಲಿಗೆ ಗೂಗಲ್ 2013ರಲ್ಲಿ ತಂದ ಹ್ಯಾಂಗೌಟ್ಸ್‌ನಲ್ಲಿ ಆ ಸೌಲಭ್ಯ ಇರಲಿಲ್ಲ. ಸಣ್ಣ ಸರ್ವರ್‌ನವರು ಏನೂ ತಪ್ಪು ಮಾಡದಿದ್ದರೂ ಹ್ಯಾಂಗೌಟ್ಸ್‌ಗೆ ಹೋದ ಗೆಳೆಯರ ಜೊತೆ ಅವರ ಮಾತು ನಿಂತಿತು. 2023ರಲ್ಲಿ ಮೆಟಾ ಕಂಪನಿಯ ಥ್ರೆಡ್ಸ್ ಆಕ್ಟಿವಿಟಿಪಬ್ ಸೇರುವುದಾಗಿ ಹೇಳಿ ಬಂದಾಗ ಕೆಲವು ಮಾಸ್ಟೊಡಾನ್ ಅಡ್ಮಿನ್‌ಗಳು ಮುಂಚಿತವಾಗಿ ಬ್ಲಾಕ್ ಮಾಡಿದ್ದಕ್ಕೆ ಈ ಅನುಭವವೂ ಒಂದು ಕಾರಣ. ಇದಕ್ಕೆ ‘ಪ್ರಾಬಲ್ಯ’ವೇ ಸರಿಯಾದ ಪದ.

ಟಿಪ್ಪಣಿಯಲ್ಲಿ ಸರ್ವರ್ ಬದಲಿಸುವುದಕ್ಕೆ ‘ಖಾತೆ ವರ್ಗಾವಣೆ’ ಅಂತ ಬರೆದಿದ್ದರೆ ಅದನ್ನೂ ತಿದ್ದಿ, ದಯವಿಟ್ಟು. ಹುಡುಗರು ಎಲ್ಲವೂ ಜೊತೆಗೆ ಬರುತ್ತದೆ ಅಂದುಕೊಳ್ಳುತ್ತಾರೆ. ಮಾಸ್ಟೊಡಾನ್‌ನಲ್ಲಿ ಮೊದಲು ಹೊಸ ಖಾತೆಯಲ್ಲಿ ಹಳೆಯದನ್ನು ಅಲಿಯಾಸ್ (ನಿಮ್ಮದೇ ಇನ್ನೊಂದು ಹೆಸರು) ಆಗಿ ಸೇರಿಸಬೇಕು, ಆಮೇಲೆ ಹಳೆಯದರಿಂದ ‘ಮೂವ್’ ಕೊಡಬೇಕು. ಹಿಂಬಾಲಕರು ಬರುತ್ತಾರೆ, ಪೋಸ್ಟ್‌ಗಳು ಬರುವುದಿಲ್ಲ. ಹಳೆಯ ಸರ್ವರ್ ಮುಚ್ಚಿಹೋಗಿದ್ದರೆ ಮೂವ್ ಕಳಿಸುವವರೇ ಇಲ್ಲದೆ ಹಿಂಬಾಲಕರೂ ಬರುವುದಿಲ್ಲ. ‘ಹಿಂಬಾಲಕರ ವರ್ಗಾವಣೆ’ ಅಂತಲೇ ಬರೆಯಿರಿ.